ಬೆಳಗಿನ ಕಾಲು, ಸಂಜೆಯ ಕಾಲು

ಮೂರು ಮಹಡಿಯ ಆ ಬಟ್ಟೆ ಅಂಗಡಿಯಲ್ಲಿ ಕುರ್ಚಿಗೇನೂ ಬರವಿರಲಿಲ್ಲ. ಗಿರಾಕಿಗಳಿಗೆ ಮೆತ್ತೆ ಹಾಕಿದ ಕುರ್ಚಿಗಳಿದ್ದವು. ಹೆಂಡತಿಯ ಆಯ್ಕೆ ಮುಗಿಯುವ ತನಕ ಆಕಳಿಸುತ್ತಿರಲೆಂದು ಗಂಡಂದಿರಿಗೆ ಉದ್ದನೆಯ ಸೋಫಾ ಇತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಯಜಮಾನನಿಗೆ ಸುತ್ತ ತಿರುಗುವ ಕುರ್ಚಿ. ಗಾಜಿನ ಕಿಟಕಿಯಲ್ಲಿಟ್ಟ ಗೊಂಬೆಗಳಲ್ಲೂ ಒಂದೆರಡು ಕಾಲ ಮೇಲೆ ಕಾಲು ಹಾಕಿಕೊಂಡು ಮಹಾರಾಣಿಯರ ಹಾಗೆ ಕೂತಿದ್ದವು. ಅಲ್ಲಿ ನಿಂತೇ ಇರಬೇಕಾದವರು ಜೀವವಿರುವ, ಸಂಬಳಕ್ಕೆ ದುಡಿಯುವ ಹೆಂಗಸರು ಮಾತ್ರ.

"ಮಾರೋರು ಕೂತ್ರೆ ವ್ಯಾಪಾರ ಮಲಗುತ್ತೆ" ಎನ್ನುವುದು ಯಜಮಾನನ ವೇದವಾಕ್ಯ. ಅವನ ಅಪ್ಪನ ಕಾಲದಲ್ಲಿ ಪ್ರತಿ ಕೌಂಟರಿನ ಹಿಂದೆಯೂ ಒಂದೊಂದು ಮರದ ಸ್ಟೂಲ್ ಇತ್ತು. ಅಪ್ಪ ಕಣ್ಣು ಮುಚ್ಚಿದ್ದೇ ತಡ, ಮಗ ಅವನ್ನೆಲ್ಲ ಗೋದಾಮಿಗೆ ಸಾಗಿಸಿದ. ನಿಲ್ಲುವುದರ ಮಹತ್ವದ ಬಗ್ಗೆ ಅವತ್ತು ಒಂದು ಭಾಷಣವನ್ನೂ ಮಾಡಿದ. ಮಾಡಿದ್ದು ಕೂತುಕೊಂಡೇ, ಅದು ಬೇರೆ ಮಾತು.

ಎರಡನೇ ಮಹಡಿಯಲ್ಲಿ ಪರದೆ, ಹಾಸು, ಹೊದಿಕೆಗಳ ವಿಭಾಗ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಕರೆಯುತ್ತಿದ್ದದ್ದು ನಿಂತಕ್ಕ ಎಂದು. ಪಕ್ಕದ ಟವೆಲ್ ವಿಭಾಗದ ಹುಡುಗಿ ಇಟ್ಟ ಹೆಸರು ಅದು. "ಅಕ್ಕ, ನೀನು ಊಟಾನೂ ನಿಂತೇ ಮಾಡ್ತೀಯ, ಕನಸಲ್ಲಾದ್ರೂ ಕೂರ್ತೀಯೋ ಇಲ್ವೋ?" ಎಂದು ಕೇಳಿದ್ದಳು. "ಕನಸಲ್ಲೂ ಗಿರಾಕಿ ಬರ್ತಾರೆ ಕಣೇ" ಎಂದಿದ್ದಳು ಇವಳು. ವಯಸ್ಸು ನಲವತ್ತೈದು ದಾಟಿತ್ತು. ದಿನವಿಡೀ ಕೆಲಸ ಒಂದೇ: ಮೇಲಿನ ಹಲಗೆಯಿಂದ ಬಟ್ಟೆಯ ಸುರುಳಿ ಇಳಿಸುವುದು, ಬಿಚ್ಚುವುದು, ಹರಡುವುದು, "ಇದಲ್ಲ, ಅದು" ಅಂದರೆ ಅದನ್ನೂ ಇಳಿಸುವುದು, ಅವರು ಏನೂ ಕೊಳ್ಳದೆ ಹೋದ ಮೇಲೆ ಎಲ್ಲವನ್ನೂ ಮತ್ತೆ ಸುತ್ತಿಡುವುದು. ಗಿರಾಕಿ ಇಲ್ಲದಾಗ ಕೆಲಸ ಇನ್ನೂ ಕಷ್ಟ. ಆಗ ಸುಮ್ಮನೆ ನಿಂತಿರಬೇಕು.

ಪರದೆ ಕೊಳ್ಳಲು ಬರುವವರೆಲ್ಲ ಕೇಳುವ ಪ್ರಶ್ನೆ, "ಇದು ಬೆಳಕಿಗೆ ಹೇಗೆ ಕಾಣುತ್ತೆ?" ಎಂಬುದು. ಆಗ ನಿಂತಕ್ಕ ಬಟ್ಟೆಯನ್ನು ಹಿಂಬದಿಯ ಕಿಟಕಿಗೆ ಒಯ್ದು ಎತ್ತಿ ಹಿಡಿಯಬೇಕು. ಹಾಗೆ ಹಿಡಿದಾಗೆಲ್ಲ ಅವಳ ಕಣ್ಣಿಗೆ ಬೀಳುತ್ತಿದ್ದದ್ದು ಕೆಳಗಿನ ಸ್ಕೇಟಿಂಗ್ ರಿಂಕ್. ಅಂಗಡಿಯ ಬೆನ್ನಿಗೇ ಹತ್ತಿಕೊಂಡಂತಿದ್ದ, ಮೊಟ್ಟೆಯಾಕಾರದ, ನುಣುಪು ನೆಲದ ಅಂಗಳ. ಮಕ್ಕಳೂ ಕೆಲವು ದೊಡ್ಡವರೂ ಅಲ್ಲಿ ಸುತ್ತುತ್ತಿದ್ದರು. ಅವರು ಹೆಜ್ಜೆ ಎತ್ತಿಡುವುದೇ ಕಾಣುತ್ತಿರಲಿಲ್ಲ. ಒಂದು ಸಲ ಪಕ್ಕಕ್ಕೆ ತಳ್ಳಿದರೆ ಸಾಕು, ನೆಲವೇ ಅವರನ್ನು ಹೊತ್ತುಕೊಂಡು ಹೋಗುತ್ತಿತ್ತು. ನೆಲ ಎಂದರೆ ಕೆಳಗಿನಿಂದ ಕಾಲನ್ನು ಕಚ್ಚುವ ವಸ್ತು ಎಂದೇ ನಂಬಿದ್ದವಳಿಗೆ ಇದು ಅನ್ಯಾಯ ಅನ್ನಿಸುವಷ್ಟು ಸುಂದರವಾಗಿತ್ತು.

ಒಂದು ಸಂಜೆ ಅವಳು ಕೆಲಸ ಬಿಟ್ಟವಳೇ ನೇರ ಕೆಳಗಿಳಿದು ಹೋದಳು. ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿದ್ದ ಕೋಚ್ ತಲೆಯೆತ್ತಿ ಕೇಳಿದ:

"ಮಗುನ ಸೇರಿಸ್ಬೇಕಾ ಅಮ್ಮಾ? ಎಷ್ಟು ವಯಸ್ಸು?"

"ನಲವತ್ತಾರು."

"ಮಗೂಗಾ?"

"ಸೇರೋಳಿಗೆ."

ಕೋಚ್ ನಕ್ಕ. ಆಮೇಲೆ ಅವಳು ನಗದೇ ಇದ್ದದ್ದನ್ನು ನೋಡಿ ನಿಲ್ಲಿಸಿದ. ದೊಡ್ಡವರ ಬ್ಯಾಚ್ ಇರುವುದು ವಾರದ ರಜೆಯ ಬೆಳಗ್ಗೆ, ನೀವೇ ಸ್ಕೇಟ್ ತರಬೇಕು, ತಿಂಗಳ ಕೊನೆಯ ರಜೆಗೆ ಪರೀಕ್ಷೆ ಇಡುತ್ತೇನೆ, ಪಾಸಾದವರಿಗೆ ಮಾತ್ರ ದೂರದ ಓಟದ ತಂಡದಲ್ಲಿ ಜಾಗ, ಉಳಿದವರು ಮಕ್ಕಳಿಗೆ ಜಾಗ ಬಿಟ್ಟುಕೊಡಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

ಮನೆಯಲ್ಲಿ ಸುದ್ದಿ ಹೇಳಿದಾಗ ಗಂಡ ಬಗ್ಗಿ ಸೊಂಟ ಒತ್ತಿಕೊಳ್ಳುತ್ತಿದ್ದ. ಅವನು ಬಸ್ ಡ್ರೈವರ್. "ಒಳ್ಳೇ ಜೋಡಿ ಬಿಡು" ಎಂದ. "ನಾನು ಕೂತೂ ಕೂತೂ ಹಾಳಾದೆ, ನೀನು ನಿಂತೂ ನಿಂತೂ. ಈಗ ಜಾರಿ ಹಾಳಾಗೋದೊಂದು ಬಾಕಿ ಇತ್ತು."

ಅತ್ತೆ ಸೊಪ್ಪು ಸೋಸುತ್ತಿದ್ದವರು ತಲೆಯೆತ್ತಲಿಲ್ಲ. "ಹೋಗಲಿ ಬಿಡೋ. ಹಲ್ಲು ಬೀಳೋ ವಯಸ್ಸಲ್ಲಿ ತಾನೇ ಬೀಳ್ತೀನಿ ಅಂತಿದಾಳೆ. ಬಿದ್ರೆ ಎತ್ತಕ್ಕೆ ನಾನಂತೂ ಬರಲ್ಲ."

"ನೀವು ಬರೋದೂ ಬೇಡ ಅತ್ತೆ, ನೋಡಿ ನಗೋದಕ್ಕೆ ಬನ್ನಿ ಸಾಕು" ಎಂದಳು ಸೊಸೆ.

ಇನ್ನು ಸ್ಕೇಟ್ ಕೊಳ್ಳುವ ಕೆಲಸ. ಒಂದು ತಪ್ಪು ನಡೆದುಹೋದದ್ದು ಇಲ್ಲೇ. ನಿಂತು ದುಡಿಯುವವರಲ್ಲಿ ಒಂದು ಪದ್ಧತಿ ಇದೆ. ಚಪ್ಪಲಿಯಾಗಲಿ ಬೂಟಾಗಲಿ ಅವರು ಕೊಳ್ಳುವುದು ಸಂಜೆಯೇ, ಕೆಲಸ ಮುಗಿದ ಮೇಲೆ. ಬೆಳಗ್ಗೆ ಕೊಂಡ ಚಪ್ಪಲಿ ಸಂಜೆಗೆ ಕಚ್ಚುತ್ತದೆ, ಇದು ಅವರು ನೋವು ತಿಂದು ಕಲಿತ ಪಾಠ. ಟವೆಲ್ ವಿಭಾಗದ ಹುಡುಗಿಯೂ ಅದನ್ನೇ ಹೇಳಿದಳು. ಬೇರೆ ದಾರಿಯಾದರೂ ಎಲ್ಲಿತ್ತು? ಬಟ್ಟೆ ಅಂಗಡಿಯ ಬಾಗಿಲು ತೆರೆದ ಮೇಲೆ ಆಟದ ಸಾಮಾನಿನ ಅಂಗಡಿಯ ಬಾಗಿಲು ತೆರೆಯುತ್ತಿತ್ತು. ಇವಳಿಗೆ ರಜೆಯಿದ್ದ ದಿನ ಅದಕ್ಕೂ ರಜೆ.

ಅಂಗಡಿಯವನು ಮೊದಲು ತಂದದ್ದು ಗುಲಾಬಿ ಬಣ್ಣದ, ಉರುಳಿದರೆ ದೀಪ ಮಿನುಗುವ ಜೋಡಿ. "ಮಗಳಿಗೆ ತಾನೇ?" ಎಂದ. ನನಗೇ ಎಂದಾಗ ಅವಳನ್ನು ಮೇಲಿಂದ ಕೆಳಗೆ ಅಳೆದು, "ಸುಮ್ನೆ ಖುಷಿಗಾದ್ರೆ ಇದೇ ಸಾಕಲ್ಲ" ಎಂದ. ಖುಷಿಗೆ ಅಗ್ಗದ್ದೇ ಸಾಕು ಎಂದು ಇವರಿಗೆ ಹೇಳಿಕೊಟ್ಟವರು ಯಾರೋ! ಓಟಕ್ಕೆ ಸೇರಬೇಕು, ಆಟಿಕೆ ಬೇಡ ಎಂದು ಅವಳು ಗದರಿದ ಮೇಲೆ ನಿಜವಾದ ಮಾಲು ಹೊರಬಂತು. ಕಣಕಾಲಿನ ಮೇಲೂ ಬಿಗಿಯಾಗಿ ಹಿಡಿಯುವ ಗಟ್ಟಿ ಚಿಪ್ಪಿನ ಬೂಟು. ಅದರ ಕೆಳಗೆ ಒಂದೇ ಸಾಲಿನಲ್ಲಿ ನಾಲ್ಕು ಗಾಲಿ. ಬಲಗಾಲಿನ ಹಿಮ್ಮಡಿಯಲ್ಲಿ ರಬ್ಬರಿನ ಬ್ರೇಕು. ಕಣಕಾಲಿಗಿಂತ ಕೆಳಗೇ ನಿಲ್ಲುವ ತೆಳ್ಳನೆಯ ಬೂಟೂ ಒಂದಿತ್ತು, ಗಾಲಿ ದೊಡ್ಡವು, ನೋಡಲು ಬಲು ಚೆಂದ. ಅದು ಪಳಗಿದವರಿಗೆ, ಕಲಿಯುವವರ ಕಾಲು ಮುರಿಯುತ್ತದೆ ಎಂದ ಅಂಗಡಿಯವನು. ಅಷ್ಟರಮಟ್ಟಿಗೆ ಪ್ರಾಮಾಣಿಕ.

"ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗ್ಬೇಕು. ಮಂಡಿ ಬಗ್ಗಿಸಿದ್ರೆ ಒಂಚೂರು ಹಿಂದೆ ಸರೀಬೇಕು. ಹಿಮ್ಮಡಿ ಮಾತ್ರ ಏಳಲೇಬಾರ್ದು. ಎದ್ರೆ ಅದು ಸ್ಕೇಟ್ ಅಲ್ಲಮ್ಮ, ಬಕೆಟ್ಟು."

ಅವಳು ನಿಂತು ನೋಡಿದಳು. ಬೆರಳು ತಾಗಿತು. ಮಂಡಿ ಬಗ್ಗಿಸಿದಳು, ಸರಿಯಿತು. ಹಿಮ್ಮಡಿ ಕದಲಲಿಲ್ಲ. ಅಚ್ಚಿನಲ್ಲಿ ಎರೆದ ಹಾಗೆ ಕೂತಿತು ಬೂಟು. ಮೊಣಕಾಲು, ಮೊಣಕೈ, ಅಂಗೈಗಳ ಕಾಪು, ತಲೆಗೊಂದು ಹೆಲ್ಮೆಟ್, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದಾಗ ಅತ್ತೆ, "ಯುದ್ಧಕ್ಕೆ ಹೊರಟ್ಯಾ?" ಎಂದು ಕೇಳಿದರು. ಅವರಿಗೂ ಗೊತ್ತಿರಲಿಲ್ಲ, ಕೇಳಿದ್ದು ಸರಿಯಾದ ಪ್ರಶ್ನೆಯೇ ಎಂದು.

ರಜೆಯ ಬೆಳಗ್ಗೆ ರಿಂಕಿನಲ್ಲಿ ಆದದ್ದು ಅವಮಾನ. ಅದಕ್ಕೆ ಬೇರೆ ಹೆಸರಿಲ್ಲ. ಕಣಕಾಲುಗಳೆರಡೂ ಒಳಮುಖವಾಗಿ ಮಡಚಿಕೊಂಡವು. ತಳ್ಳಿದಾಗೆಲ್ಲ ಬೂಟಿನೊಳಗೆ ಹಿಮ್ಮಡಿ ಎದ್ದು ಬಿತ್ತು. ಗಾಲಿ ಒಂದು ಕಡೆಗೆ ಹೋದರೆ ಕಾಲು ಇನ್ನೊಂದು ಕಡೆಗೆ. ಜೊತೆಗೆ ಸೇರಿದ್ದ ಬ್ಯಾಂಕಿನ ಗುಮಾಸ್ತ, ಅವಳಿಗಿಂತ ದಪ್ಪ, ಅವಳಷ್ಟೇ ವಯಸ್ಸು, ಮಧ್ಯಾಹ್ನದೊಳಗೆ ಅಂಚಿನ ಕಂಬಿ ಬಿಟ್ಟು ಸುತ್ತತೊಡಗಿದ. ಇವಳು ಕಂಬಿಯನ್ನು ಹಸುಗೂಸು ತಾಯಿಯನ್ನು ತಬ್ಬಿಕೊಂಡ ಹಾಗೆ ತಬ್ಬಿಕೊಂಡಿದ್ದಳು. ಪಟ್ಟಿಗಳನ್ನು ಎಷ್ಟು ಬಿಗಿದರೂ ಅಷ್ಟೇ. ಮುಂದಿನ ರಜೆಯಲ್ಲೂ ಅದೇ ಕಥೆ, ಜೊತೆಗೆ ಹಿಮ್ಮಡಿಯಲ್ಲಿ ಬೊಬ್ಬೆ.

ಕೋಚ್ ಬಂದು ಬಗ್ಗಿಯೂ ನೋಡಲಿಲ್ಲ. ಬೂಟಿನೊಳಗೆ ಒಂದು ಬೆರಳು ತೂರಿಸಿ ನೋಡಿದ್ದರೆ ಸಾಕಿತ್ತು. ಅವನು ನೋಡಿದ್ದು ಮುಖವನ್ನು, ನರೆತ ಕೂದಲನ್ನು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಣಕಾಲಲ್ಲಿ ಶಕ್ತಿನೇ ಇಲ್ಲ. ವಯಸ್ಸು. ವಾಕಿಂಗ್ ಮಾಡಿ, ಆರೋಗ್ಯಕ್ಕೆ ಒಳ್ಳೇದು."

ದಿನವಿಡೀ ಅವಳ ಮೈಭಾರವನ್ನೂ ಬಟ್ಟೆಯ ಸುರುಳಿಗಳ ಭಾರವನ್ನೂ ಹೊತ್ತು ನಿಲ್ಲುತ್ತಿದ್ದ ಕಣಕಾಲಿಗೆ ಶಕ್ತಿ ಇಲ್ಲವಂತೆ! ನಮ್ಮಲ್ಲಿ ಹೆಂಗಸಿನ ದೇಹಕ್ಕೆ ಏನೇ ಆದರೂ ಕಾರಣ ಹುಡುಕುವ ಶ್ರಮ ಯಾರಿಗೂ ಇಲ್ಲ. ಸಣ್ಣವಳಾದರೆ ಹುಡುಗಾಟ, ದೊಡ್ಡವಳಾದರೆ ವಯಸ್ಸು, ನಡುವೆ ಇದ್ದರೆ ಮನಸ್ಸಿನ ಭ್ರಮೆ. ಒಂದು ಪದ ಎಸೆದರೆ ಆಯಿತು, ಕೈ ತೊಳೆದುಕೊಳ್ಳಬಹುದು.

ನಿಂತಕ್ಕ ಆ ಮಾತನ್ನು ನುಂಗಿಕೊಂಡಳು. ನಂಬಿಯೂಬಿಟ್ಟಳು, ಅದೇ ಸಂಕಟ. ಸ್ಕೇಟುಗಳನ್ನು ರಿಂಕಿನ ಕಪಾಟಿನಲ್ಲೇ ಬಿಟ್ಟು ಬಂದಳು. ವಾರದ ನಡುವೆ ಒಂದು ಸಂಜೆ, ಯಾರಿಗಾದರೂ ಕೊಟ್ಟುಬಿಡೋಣವೆಂದು ಅವನ್ನು ತರಲು ಹೋದಳು. ಕೋಚ್ ಇನ್ನೂ ಬಂದಿರಲಿಲ್ಲ, ರಿಂಕ್ ಬರಿದಾಗಿತ್ತು. ಕೊನೆಯದಾಗಿ ಒಂದು ಸಲ ಎಂದು ಕಾಲಿಗೆ ಹಾಕಿಕೊಂಡಳು. ಬೂಟು ಗಪ್ಪನೆ ಹಿಡಿಯಿತು. ಎದ್ದು ನಿಂತಳು. ಕಣಕಾಲು ಮಡಚಲಿಲ್ಲ. ತಳ್ಳಿದಳು, ನೆಲ ಹೊತ್ತುಕೊಂಡು ಹೋಯಿತು. ಕಂಬಿ ಹಿಂದೆ ಉಳಿಯಿತು. ಅವಳ ಬಾಯಿಂದ "ಅಯ್ಯೋ" ಎಂಬ ಸದ್ದು ಹೊರಟದ್ದು ಭಯಕ್ಕಲ್ಲ.

ಮನೆಗೆ ಬಂದು ಕಾಲು ಚಾಚಿ ಕೂತಳು. "ಇದೇನು ಮಾಯೆ ಅತ್ತೆ? ರಜೆ ದಿನ ಬೆಳಗ್ಗೆ ಚೆನ್ನಾಗಿ ನಿದ್ದೆ ಮಾಡಿ ಹೋದ್ರೆ ನಿಲ್ಲೋಕಾಗಲ್ಲ. ಇಡೀ ದಿನ ನಿಂತು ಸತ್ತು ಸುಣ್ಣಾಗಿ ಹೋದ್ರೆ ಸಲೀಸಾಗಿ ಓಡುತ್ತೆ!"

ಅತ್ತೆ ಕನ್ನಡಕ ಸರಿಮಾಡಿಕೊಂಡು ಅವಳ ಕಾಲ ಬಳಿ ಬಂದು ಕೂತರು. ಕಾಲುಚೀಲದ ಅಂಚು ಕಾಲಿನ ಸುತ್ತ ಆಳವಾದ ಗೆರೆ ಕೊರೆದಿತ್ತು. ಅತ್ತೆ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಕಲಸಿದ ಹಿಟ್ಟಿನಲ್ಲಿ ಉಳಿಯುವ ಹಾಗೆ ಗುಳಿ ಉಳಿಯಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಅದು ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

"ಹುಚ್ಚೀ" ಎಂದರು ಅತ್ತೆ. ಅವರ ದನಿಯಲ್ಲಿ ಎಂದಿನ ಕೊಂಕಿರಲಿಲ್ಲ. "ನಿಂಗೆ ಬೆಳಗ್ಗೆ ಒಂದು ಕಾಲು, ಸಂಜೆ ಒಂದು ಕಾಲು. ನೀನು ಬೂಟು ತಗೊಂಡಿರೋದು ಸಂಜೆ ಕಾಲಿಗೆ."

ನಿಂತಕ್ಕನಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು. ಊದಿಕೊಂಡದ್ದೇ ತನ್ನ ಕಾಲಿನ ಅಳತೆ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಹುಟ್ಟಿದಾಗ ಬಂದ ಕಾಲು ಎಲ್ಲಿ ಹೋಯಿತು? ಅದನ್ನು ದಿನಾ ಬೆಳಗ್ಗೆ ಅಂಗಡಿಯ ಬಾಗಿಲಲ್ಲಿ ಒಪ್ಪಿಸಿ, ಸಂಜೆ ಊದಿದ್ದನ್ನು ಎಳೆದುಕೊಂಡು ಬರುತ್ತಿದ್ದಳು. ಸಂಬಳ ಕೊಟ್ಟದ್ದು ಕೆಲಸಕ್ಕೆ. ಕಾಲನ್ನು ಮಾರುತ್ತೇನೆ ಎಂದು ಅವಳು ಯಾರಿಗೆ ಹೇಳಿದ್ದಳು?

ಕೋಚ್ ಹತ್ತಿರ ಹೋಗಿ, ಪರೀಕ್ಷೆ ಸಂಜೆ ಇಡುತ್ತೀರಾ ಎಂದು ಕೇಳಿದಳು. "ಸಂಜೆ ಮಕ್ಕಳ ಬ್ಯಾಚು. ಅಲ್ದೆ ಓಟ ನಡೆಯೋದೂ ಬೆಳಗ್ಗೇನೇ. ನಿಮಗೆ ಅನುಕೂಲ ಆಗ್ಲಿ ಅಂತ ಓಟ ಸಂಜೆಗೆ ಹಾಕ್ತಾರಾ ಅಮ್ಮ?" ಎಂದು ಅವನು ಮತ್ತೆ ನಕ್ಕ. ನಕ್ಕದ್ದು ತಪ್ಪು, ಹೇಳಿದ್ದು ಸರಿ. ಬೆಳಗಿನ ಕಾಲಿಗೇ ಬೂಟು ಬೇಕು.

ಮಾರನೆಯ ದಿನ ಎರಡನೇ ಮಹಡಿಯ ಮೇಲ್ವಿಚಾರಕನ ಬಳಿ ಬೆಳಗ್ಗೆ ತಡವಾಗಿ ಬರಲು ಅನುಮತಿ ಕೇಳಿದಳು.

"ಯಾತಕ್ಕೆ?"

"ಕಾಲಿಗೆ ಬೂಟು ನೋಡ್ಬೇಕು."

"ಬೂಟು ನೋಡೋಕೆ ರಜಾನಾ? ಸಂಜೆ ಹೋಗು."

"ಸಂಜೆ ಹೋಗಿದ್ದಕ್ಕೇ ಇಷ್ಟೆಲ್ಲ ಆಗಿದ್ದು" ಎಂದವಳೇ, ಮರುದಿನ ಅನುಮತಿ ಇಲ್ಲದೆಯೇ ಹೋದಳು. ನೆಲಕ್ಕೆ ಹೆಚ್ಚು ಕಾಲೂರದೆ, ಗಂಡನ ಬಸ್ಸಿನಲ್ಲಿ ಕೂತುಕೊಂಡೇ ಹೋದಳು. ಗಂಡ ಕನ್ನಡಿಯಲ್ಲಿ ನೋಡಿ, "ಕಾಲನ್ನ ಮೊಟ್ಟೆ ತಗೊಂಡು ಹೋದ ಹಾಗೆ ತಗೊಂಡು ಹೋಗ್ತಿದೀಯಲ್ಲೇ" ಎಂದ.

ಅಂಗಡಿಯವನು ಗಾಲಿ ತಿರುಗಿಸಿ ನೋಡಿ ತುಟಿ ಚಪ್ಪರಿಸಿದ. "ಸವೆದಿದೆ. ವಾಪಸ್ ಆಗಲ್ಲ. ನೀವು ಬೆಳಗ್ಗೆನೇ ಬರಬೇಕಿತ್ತು."

"ಯಾವ ಬೆಳಗ್ಗೆ?" ಅವಳ ದನಿ ಏರಿತು. "ನಾನು ಕೆಲಸಕ್ಕೆ ಹೋದ್ಮೇಲೆ ನೀವು ಬಾಗಿಲು ತೆಗೀತೀರಿ. ನಂಗೆ ರಜೆ ಇದ್ದಾಗ ನೀವೂ ಮಲಗಿರ್ತೀರಿ. ಬೆಳಗಿನ ಕಾಲು ಇರೋರು ಯಾರು ನಿಮ್ಮ ಅಂಗಡಿಗೆ ಬರೋರು, ಹೇಳಿ? ಇಡೀ ದಿನ ನಿಂತವಳ ಕಾಲು ಕೈಯಲ್ಲಿ ಹಿಡಿದು ಅಳತೆ ತಗೊಂಡ್ರಲ್ಲ, ಊದಿರೋದು ಕಣ್ಣಿಗೆ ಕಾಣಲಿಲ್ವಾ?"

ಅವನಿಗೆ ಸ್ವಲ್ಪ ನಾಚಿಕೆಯಾಯಿತು. ಹಿಂದಿನ ಕೋಣೆಗೆ ಹೋಗಿ ಇನ್ನೊಂದು ಜೊತೆ ಒಳಮೆತ್ತೆ ತಂದು, ಹಳೆಯದನ್ನು ಬದಲಿಗೆ ತಾನೇ ಇಟ್ಟುಕೊಂಡ. ಹೊರಚಿಪ್ಪು ಎರಡು ಅಳತೆಗೂ ಒಂದೇ, ಒಳಗಿನ ಮೆತ್ತೆ ಮಾತ್ರ ಬೇರೆ ಎಂಬುದು ಆಗ ಹೊರಬಿತ್ತು. ಈ ಮಾತನ್ನು ಮೊದಲೇ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ದಪ್ಪ ಮೆತ್ತೆ ಹಾಕಿ ಕಾಲಿಗೇರಿಸಿದಾಗ ಬೂಟು ಬೆಳಗಿನ ಕಾಲನ್ನು ಗಪ್ಪನೆ ಹಿಡಿಯಿತು. ಹಿಮ್ಮಡಿ ಅಲುಗಲಿಲ್ಲ.

ಗೆದ್ದೆ ಎಂದುಕೊಂಡಳು. ಆದರೆ ಬೆಳಗ್ಗೆ ಬ್ಯಾಚ್ ಇರುವುದು ವಾರಕ್ಕೊಮ್ಮೆ. ತಿರುವಿನಲ್ಲಿ ಕಾಲ ಮೇಲೆ ಕಾಲು ದಾಟಿಸುವುದನ್ನೂ, ಹಿಮ್ಮಡಿ ಒತ್ತಿ ಬ್ರೇಕು ಹಾಕುವುದನ್ನೂ ಪರೀಕ್ಷೆಗೆ ಮುಂಚೆ ಕಲಿಯಬೇಕಾದರೆ ದಿನಾ ಸಂಜೆ ಮಕ್ಕಳ ಬ್ಯಾಚಿಗೆ ಮೊದಲು ಅಭ್ಯಾಸ ಮಾಡಲೇಬೇಕು. ಅಂದು ಸಂಜೆ ರಿಂಕಿನ ಬೆಂಚಿನ ಮೇಲೆ ಕೂತು ಬೂಟಿಗೆ ಕಾಲು ತುರುಕಿದಳು. ಹೋಗಲಿಲ್ಲ. ಹಲ್ಲು ಕಚ್ಚಿ ತಳ್ಳಿದಳು, ಕಣ್ಣಲ್ಲಿ ನೀರು ಬಂತು, ಕಾಲು ಮಾತ್ರ ಒಳಗೆ ಹೋಗಲಿಲ್ಲ. ಬೆಳಗಿನ ಬೂಟು, ಸಂಜೆಯ ಕಾಲು.

ಬೂಟು ಬದಲಾಯಿಸಿ ಆಯಿತು. ಇನ್ನು ಬದಲಾಯಿಸಬೇಕಾದದ್ದು ಸಂಜೆಯ ಕಾಲನ್ನೇ.

ಮರುದಿನ ಬೆಳಗ್ಗೆ ಮೊದಲ ಗಿರಾಕಿ ಹೋದ ಮೇಲೆ ನಿಂತಕ್ಕ ಗಿರಾಕಿಗಳ ಕುರ್ಚಿಯೊಂದನ್ನು ಕೌಂಟರಿನ ಹಿಂದಕ್ಕೆ ಎಳೆದುಕೊಂಡಳು. ಕೂತಳು. ಒಂದು ಬಟ್ಟೆಯ ಸುರುಳಿಯನ್ನು ಎದುರಿಗೆ ಅಡ್ಡ ಹಾಕಿ ಅದರ ಮೇಲೆ ಕಾಲಿಟ್ಟಳು. ಕೂತೇ ದಿಂಬಿನ ಚೀಲಗಳನ್ನು ಮಡಚತೊಡಗಿದಳು. ಟವೆಲ್ ವಿಭಾಗದ ಹುಡುಗಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಕ್ಯಾಮೆರಾದಲ್ಲಿ ನೋಡಿದ ಯಜಮಾನ ಸ್ವತಃ ಮೆಟ್ಟಿಲು ಹತ್ತಿ ಬಂದ. ಅವನಿಗೆ ಏದುಸಿರು ಬರುತ್ತಿತ್ತು.

"ಏನಮ್ಮಾ ಇದು?"

"ಕುರ್ಚಿ."

"ಅದು ಗೊತ್ತು. ಯಾರಿಗಿಟ್ಟಿರೋದು ಅದು?"

"ಗಿರಾಕಿಗೆ. ಗಿರಾಕಿ ಬಂದ ತಕ್ಷಣ ಏಳ್ತೀನಿ. ಬರೋ ತನಕ ಅದೂ ಖಾಲಿ, ನಾನೂ ಖಾಲಿ."

"ಮಾರೋರು ಕೂತ್ರೆ..."

"ವ್ಯಾಪಾರ ಮಲಗುತ್ತೆ. ಇಷ್ಟು ವರ್ಷ ನಾನು ನಿಂತೇ ಇದ್ದೆನಲ್ಲ ಯಜಮಾನ್ರೇ, ವ್ಯಾಪಾರ ಎದ್ದು ಕುಣೀತಿತ್ತಾ? ನಿಮ್ಮ ತಂದೆಯವರ ಕಾಲದಲ್ಲಿ ನಾವೆಲ್ಲ ಕೂತಿದ್ವಿ. ಈ ಮೂರು ಮಹಡಿ ಎದ್ದಿದ್ದು ಆವಾಗಲೇ."

ಕೆಲಸದಿಂದ ತೆಗೆದುಹಾಕುವ ಮಾತು ಅವನ ನಾಲಿಗೆಯ ತುದಿಗೆ ಬಂದಿರಬೇಕು. ಆದರೆ ಯಾವ ಸುರುಳಿ ಯಾವ ಹಲಗೆಯ ಮೇಲಿದೆ ಎಂದು ಅವಳನ್ನು ಬಿಟ್ಟರೆ ಆ ಮಹಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಹಾಗಾಗಿ ಅವನು ಸಣ್ಣಬುದ್ಧಿಯ ದೊಡ್ಡ ಮನುಷ್ಯರು ಮಾಡುವುದನ್ನೇ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಎರಡನೇ ಮಹಡಿಯ ಕುರ್ಚಿಗಳನ್ನೆಲ್ಲ ಹೊರಸಾಗಿಸಿದ, ಗಂಡಂದಿರ ಸೋಫಾವನ್ನೂ ಬಿಡಲಿಲ್ಲ. ಒಬ್ಬ ಹೆಂಗಸು ಕೂರಬಾರದೆಂದು ಊರಿಗೆ ಊರೇ ನಿಲ್ಲಲಿ!

ನಿಂತಕ್ಕ ಬಟ್ಟೆಯ ಸುರುಳಿಗಳನ್ನೇ ಒಂದರ ಪಕ್ಕ ಒಂದು ಜೋಡಿಸಿ ಕೂತಳು.

ಪಾಪ, ನಿಂತದ್ದು ಗಿರಾಕಿಗಳು. ಒಬ್ಬ ಮುದುಕಿ ಮೊಮ್ಮಗಳ ತೋಳು ಹಿಡಿದು, "ಕೂರೋದಕ್ಕೆ ಒಂದು ಕಲ್ಲಾದ್ರೂ ಇಲ್ವಾ ನಿಮ್ಮಲ್ಲಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಎದುರು ಅಂಗಡಿಗೆ ಹೋದಳು. ಗಂಡಂದಿರಂತೂ ಐದೇ ನಿಮಿಷಕ್ಕೆ, "ಆಯ್ತೇನೇ? ಬಿಳೀದೇ ತಗೋ, ನಡಿ" ಎನ್ನತೊಡಗಿದರು. ಮುಂಚೆ ಎಂಟು ಪರದೆ ಕೊಳ್ಳುತ್ತಿದ್ದವರು ಒಂದೂ ಕೊಳ್ಳದೆ ಇಳಿದರು. ವ್ಯಾಪಾರ ನಿಜವಾಗಿಯೂ ಮಲಗಿದ್ದು ಆಗಲೇ. ವಾರ ಕಳೆಯುವುದರೊಳಗೆ ಸೋಫಾ ವಾಪಸು ಬಂತು. ಮರುದಿನ ಕುರ್ಚಿಗಳು. ಅವುಗಳ ಹಿಂದೆಯೇ, ಯಾರೂ ಏನೂ ಹೇಳದೆ, ಗೋದಾಮಿನ ಧೂಳು ಹೊತ್ತ ಮರದ ಸ್ಟೂಲುಗಳು. ಯಜಮಾನ ತಪ್ಪಾಯಿತು ಎನ್ನಲಿಲ್ಲ. ಕೂರಿ ಎಂದೂ ಅನ್ನಲಿಲ್ಲ. ಟವೆಲ್ ವಿಭಾಗದ ಹುಡುಗಿ ತನ್ನ ಸ್ಟೂಲನ್ನು ಒಂದು ಹೊಸ ಟವೆಲ್ಲಿನಿಂದಲೇ ಒರೆಸಿ, ಕೂತು, ಕಣ್ಣು ಮುಚ್ಚಿಕೊಂಡಳು.

ಊತ ಪೂರ್ತಿ ಹೋಗಲಿಲ್ಲ. ವರ್ಷಗಟ್ಟಲೆ ಬಂದದ್ದು ವಾರದಲ್ಲಿ ಹೋಗುತ್ತದೆಯೇ? ಆದರೂ ಸಂಜೆ ಕಾಲು ಬೂಟಿನೊಳಗೆ ಹೋಗತೊಡಗಿತು. ಅವಳು ಬಿದ್ದಳು, ಎದ್ದಳು, ತಿರುವಿನಲ್ಲಿ ಬಲಗಾಲನ್ನು ಎಡಗಾಲಿನಾಚೆ ದಾಟಿಸುವುದನ್ನು ಕಲಿತಳು. ಅತ್ತೆ ಒಂದು ಸಂಜೆ ನಿಜವಾಗಿಯೂ ನೋಡಿ ನಗಲು ಬಂದರು. ಸೊಸೆ ಬಿದ್ದಾಗ ನಕ್ಕರು. ಪಕ್ಕದಲ್ಲಿದ್ದ ಯಾರೋ ನಕ್ಕಾಗ ಮಾತ್ರ, "ನಿಮಗೇನು ಬಂತು ನಗು?" ಎಂದು ಜಗಳಕ್ಕೆ ನಿಂತರು.

ಪರೀಕ್ಷೆಯ ಬೆಳಗ್ಗೆ ಬ್ಯಾಂಕಿನ ಗುಮಾಸ್ತ ತಿರುವಿನಲ್ಲಿ ಕಂಬಿಗೆ ಬಡಿದುಕೊಂಡ. ಆಮೇಲೆ ಇವಳ ಸರದಿ. ಕೋಚ್ ಸೀಟಿಯನ್ನು ಬಾಯಿಗಿಟ್ಟುಕೊಂಡಾಗ ಅವನ ಮುಖದಲ್ಲಿ ಆಗಲೇ ಸಮಾಧಾನ ಹೇಳುವ ಭಾವವಿತ್ತು. ಸೀಟಿ ಊದಿದ. ಅವಳು ಮಂಡಿ ಬಗ್ಗಿಸಿ ತಳ್ಳಿದಳು. ನೇರ ದಾರಿ ಮುಗಿಯಿತು, ತಿರುವು ಬಂತು, ಕಾಲ ಮೇಲೆ ಕಾಲು ದಾಟಿತು. ಒಮ್ಮೆ ಗಾಲಿ ಗಾಲಿಗೆ ತಾಗಿ ಮುಗ್ಗರಿಸಿದಳು, ಕೈಚಾಚಿ ಸಾವರಿಸಿಕೊಂಡಳು. ಕೊನೆಯಲ್ಲಿ ಬಲಗಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿ ಒತ್ತಿದಳು. ರಬ್ಬರು ಕಿರುಗುಟ್ಟಿತು. ಗೆರೆ ದಾಟದೆ ನಿಂತಳು.

ಕೋಚ್ ಪಟ್ಟಿಯಲ್ಲಿ ಪಾಸ್ ಎಂದು ಗುರುತು ಹಾಕಿ, ಅವಳ ಕಾಲುಗಳನ್ನು ಈಗ ಮೊದಲ ಸಲ ಬಗ್ಗಿ ನೋಡಿದ.

"ಕಣಕಾಲು ಹೇಗಮ್ಮಾ ಸರಿಹೋಯ್ತು? ಏನು ವ್ಯಾಯಾಮ ಮಾಡಿದ್ರಿ?"

"ಕೂತೆ" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಲು ಬಾಯಿ ತೆರೆದ. ಅವನಿಗೆ ವಿವರಿಸುತ್ತ ನಿಲ್ಲುವ ಮನಸ್ಸು ಅವಳಿಗಿರಲಿಲ್ಲ. ನಿಂತದ್ದು ಸಾಕಾಗಿತ್ತು. ಬೆಳಗು ಇನ್ನೂ ಉಳಿದಿತ್ತು, ನೆಲ ಖಾಲಿ ಇತ್ತು. ಅವಳು ಅವನ ಪಕ್ಕದಿಂದಲೇ ತಳ್ಳಿಕೊಂಡು ಇನ್ನೊಂದು ಸುತ್ತಿಗೆ ಹೊರಟಳು.